ಕೆಳಗೆ ಯಾರೂ ಇಲ್ಲ

ಹರ್ಬರ್ಟ್ ನದಿಯ ಬಯಲಲ್ಲಿ ಕಬ್ಬು ಬೆಳೆಯುವ ನಮ್ಮ ಜನಕ್ಕೆ ಮನೆಗೆ ಎರಡು ಅಡುಗೆಮನೆ. ಮೇಲಿನದು ತೋರಿಸುವುದಕ್ಕೆ, ಕೆಳಗಿನದು ಬದುಕುವುದಕ್ಕೆ. ಮನೆಯನ್ನು ಎತ್ತರದ ಕಂಬಗಳ ಮೇಲೆ ಕಟ್ಟುವುದೇನೋ ಹೊಳೆ ಉಕ್ಕಿದಾಗ ನೀರು ಕೆಳಗಿನಿಂದ ಹಾದುಹೋಗಲಿ ಅಂತ. ಆದರೆ ಹೊಳೆ ವರ್ಷವಿಡೀ ಉಕ್ಕುತ್ತದೆಯೇ? ಅಷ್ಟು ದೊಡ್ಡ ನೆರಳಿನ ಜಾಗವನ್ನು ಬರಿದೇ ಬಿಡಲು ನಮ್ಮ ಹೆಂಗಸರಿಗೇನು ಹುಚ್ಚೇ? ಇಟಲಿಯಿಂದ ಹಡಗು ಹತ್ತಿ ಬಂದವರು ಕಂಬಗಳ ನಡುವೆ ಮೊದಲು ಒಂದು ಒಲೆ ಇಟ್ಟರು. ಆಮೇಲೆ ಒಂದು ಉದ್ದನೆಯ ಮೇಜು ಬಂತು, ಪಾತ್ರೆ ತೊಳೆಯುವ ತೊಟ್ಟಿ ಬಂತು, ಹಂದಿ ಕೊಯ್ದಾಗ ಕರುಳಿನಲ್ಲಿ ಮಾಂಸ ತುಂಬಿದ ಸಲಾಮಿ ಒಣಗಲು ತೂಗುಹಾಕುವ ಕೊಕ್ಕೆಗಳು ಬಂದವು. ಹುಟ್ಟು, ಸಾವು, ಜಗಳ, ರಾಜಿ ಎಲ್ಲಾ ಅಲ್ಲೇ. ಮೇಲಿನ ಅಡುಗೆಮನೆ ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಹೊಳೆಯುತ್ತಾ ಕೂತಿರುತ್ತದೆ. ಕೆಳಗೆ ವಾಸ ಮಾಡಕೂಡದು ಅಂತ ಊರಿನ ಕೌನ್ಸಿಲ್ಲಿನ ಕಾನೂನಿದೆ. ಕಾನೂನು ಮಾಡಿದವರ ಅಜ್ಜಿಯರೂ ಕೆಳಗೇ ಸಾರು ಕುದಿಸಿದವರು, ಆ ಮಾತು ಬೇರೆ. ಹೊರಗಿನವರು ಯಾರಾದರೂ ಕೇಳಿದರೆ ನಾವೆಲ್ಲ ಮೇಲೆ ಕೈ ತೋರಿಸುತ್ತೇವೆ.

ಬೆರ್ಗಾಮಿನ್ ಮನೆಯ ಪಿಯೆರಿನಾ ಈ ವರ್ಷ ಮನೆಯನ್ನು ಮಕ್ಕಳಿಬ್ಬರ ಹೆಸರಿಗೆ ಮಾಡಿಕೊಟ್ಟಳು. ಅವಳಿಗೆ ಎಂಬತ್ತು ದಾಟಿದೆ. ಗಂಡ ಗಿದೊ ಸತ್ತು ಎರಡು ವರ್ಷವಾಗಿತ್ತು. ನಾದಿನಿಯ ಮಕ್ಕಳು ತಾಯಿಯನ್ನು ಮಣ್ಣು ಮಾಡಿದ ತಿಂಗಳೇ ಕೋರ್ಟಿಗೆ ಹೋಗಿ ಒಬ್ಬರ ಮುಖಕ್ಕೊಬ್ಬರು ಉಗಿದುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. "ನಾನು ಕಣ್ ಬಿಟ್ಕೊಂಡಿರೋವಾಗಲೇ ತಗೊಳ್ಳಿ. ಆಮೇಲೆ ನನ್ನ ಗೋರಿ ಮುಂದೆ ನಿಂತು ಕಿತ್ತಾಡಬೇಡಿ," ಅಂದಳು. ಮಗಳು ಮಿರೆಲ್ಲಾ, ಮಗ ಎಲ್ವಿಯೊ ಇಬ್ಬರೂ ಸಹಿ ಹಾಕಿದರು. ತಾಯಿ ಎಂದಿನಂತೆ ಅಲ್ಲೇ ಇರುವುದು ಅಂತ ಮಾತಾಯಿತು. ಇಷ್ಟರವರೆಗೆ ಎಲ್ಲಾ ಸುಸೂತ್ರ.

ಎಡವಟ್ಟಾದದ್ದು ವಿಮೆಯಲ್ಲಿ. ಹಳೆಯ ವಿಮೆ ಪಿಯೆರಿನಾಳ ಹೆಸರಿನಲ್ಲಿತ್ತು. ಮನೆಯೇ ಅವಳದಲ್ಲ ಅಂದಮೇಲೆ ಆ ವಿಮೆಗೆ ಅರ್ಥವಿಲ್ಲ, ಮಕ್ಕಳ ಹೆಸರಿನಲ್ಲಿ ಹೊಸದು ಮಾಡಿಸಿ ಅಂತ ಕಂಪನಿಯವರು ಹೇಳಿದರು. ಎಲ್ವಿಯೊ ಕಬ್ಬು ಕಟಾವಿನ ಯಂತ್ರ ಓಡಿಸುವವನು. ಮಾತು ಕಡಿಮೆ, ಆಡಿದರೆ ಒರಟು. ಅವನು ಅಕ್ಕನಿಗೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ.

"ನೋಡು, ವಿಮೆ ಇಲ್ದೆ ಮಳೆಗಾಲಕ್ಕೆ ಈ ಮನೆ ಇಟ್ಕೊಳ್ಳೋಕೆ ನನ್ ಕೈಲಾಗಲ್ಲ. ಹೋದ್ ಸಲದ ಚಂಡಮಾರುತಕ್ಕೆ ಚಾವಣಿ ಹಾರಿಹೋದೋರು ಇನ್ನೂ ಟಾರ್ಪಾಲ್ ಕೆಳಗೇ ಇದಾರೆ. ವಿಮೆ ಆಗ್ಲಿಲ್ಲ ಅಂದ್ರೆ ಮಾರ್ಬಿಡೋಣ. ಪಕ್ಕದ ಹೊಲದೋನು ಕೇಳ್ತಾನೇ ಇದಾನೆ."

"ಅವನು ಮನೆ ಕೆಡವಿ ಕಬ್ಬು ಹಾಕ್ತಾನೆ ಕಣೋ. ಅಮ್ಮ?"

"ಅಮ್ಮ ನಿನ್ ಮನೇಲಿ ಇರ್ಲಿ. ಟೌನಲ್ಲಿ ಅಷ್ಟು ದೊಡ್ ಮನೆ ಇದೆ, ಒಬ್ಳೇ ಇದೀಯ."

ತಾಯಿಯನ್ನು ಆ ಮನೆಯಿಂದ ಎಬ್ಬಿಸಿದರೆ ಅವಳು ಬಹಳ ದಿನ ಬಾಳುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ವಿಮೆಯ ಕೆಲಸವನ್ನು ಮಿರೆಲ್ಲಾ ತಾನೇ ಹೊತ್ತುಕೊಂಡಳು. ಅವಳು ಓದಿದವಳು. ಇಂಗಮ್ ಪೇಟೆಯ ಹೈಸ್ಕೂಲಿನಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿ, ಉಪಮುಖ್ಯಸ್ಥೆಯಾಗಿ ನಿವೃತ್ತಳಾದವಳು. ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡು, ಉಚ್ಚಾರಣೆಯನ್ನೂ ನೇರ ಮಾಡಿಕೊಂಡಿದ್ದಳು. ಫೋನಿನಲ್ಲಿ ಮಾತಾಡಿದರೆ ಬೆರ್ಗಾಮಿನ್ ಮನೆಯ ಹುಡುಗಿ ಅಂತ ಯಾರೂ ಹೇಳುವಂತಿಲ್ಲ.

ಕಂಪನಿಯ ಹುಡುಗಿ ಫೋನಿನಲ್ಲಿ ಒಂದೊಂದಾಗಿ ಕೇಳುತ್ತಾ ಬಂದಳು. ಚಾವಣಿ ಎಂಥದ್ದು, ಗೋಡೆ ಎಂಥದ್ದು, ಹೊಳೆ ಎಷ್ಟು ದೂರ. ಮಿರೆಲ್ಲಾ ಎಲ್ಲಕ್ಕೂ ನಿಜವನ್ನೇ ಹೇಳಿದಳು.

"ಮನೆ ಕೆಳಗಡೆ ಯಾರಾದ್ರೂ ವಾಸ ಇದಾರಾ ಮೇಡಂ? ಅಡುಗೆ ಮಾಡೋದು, ಮಲಗೋದು, ಹಾಗೇನಾದ್ರೂ?"

"ಛೆ, ಇಲ್ಲಮ್ಮ. ಕೆಳಗೆ ಯಾರೂ ಇಲ್ಲ. ಕಾರ್ ನಿಲ್ಲಿಸ್ತೀವಿ, ಬಟ್ಟೆ ಒಗೆಯೋ ಮಷೀನ್ ಇದೆ. ಅಷ್ಟೆ."

ಸೀನು ಬಂದಹಾಗೆ ಬಂದುಬಿಟ್ಟಿತು ಆ ಸುಳ್ಳು. ದುಡ್ಡು ಉಳಿಸಲೆಂದು ಹೇಳಿದ್ದಲ್ಲ, ಮೋಸ ಮಾಡಲೆಂದು ಹೇಳಿದ್ದಲ್ಲ. ಹೊಗೆ ಹಿಡಿದ ಗೋಡೆ, ನೇತಾಡುವ ಸಲಾಮಿ, ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ ತುಳಸಿಯಂಥ ಬಾಸಿಲ್ ಗಿಡ, ಅದರ ನಡುವೆ ಏಪ್ರನ್ ಕಟ್ಟಿಕೊಂಡು ನಿಂತ ತನ್ನ ತಾಯಿ ಎಲ್ಲವೂ ಫೋನಿನ ಆ ಕಡೆಯವಳಿಗೆ ಕಾಣಿಸಿಬಿಡುತ್ತದೇನೋ ಅನ್ನಿಸಿ ಕಿವಿಯವರೆಗೂ ಬಿಸಿಯಾಗಿತ್ತು. ಆ ಹುಡುಗಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು, "ಸರಿ ಮೇಡಂ, ಹೊಳೆ ಬಯಲಿನ ಮನೆ ಆದ್ರಿಂದ ನಮ್ಮೋರು ಒಬ್ರು ಬಂದು ನೋಡ್ಕೊಂಡು ಹೋಗ್ತಾರೆ," ಅಂದಳು.

ವಾಪಸ್ ಫೋನ್ ಮಾಡಿ, ತಪ್ಪಾಯಿತು, ಕೆಳಗೂ ಒಂದು ಅಡುಗೆಮನೆ ಇದೆ ಅನ್ನಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ಬಾಯಿ ಬರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸುಳ್ಳು ಹೇಳಬೇಡಿ ಅಂತ ಜೀವಮಾನವಿಡೀ ಗದರಿಸಿದ ಹೆಂಗಸು ಇವಳು! ತಮ್ಮನಿಗೂ ನಿಜ ಹೇಳಲಿಲ್ಲ. "ಕೆಳಗಡೆ ಅಡುಗೆಮನೆ ಇದ್ರೆ ಅವರು ವಿಮೆ ಕೊಡಲ್ವಂತೆ. ಎಲ್ಲಾ ತೆಗೀಬೇಕು," ಅಂದಳು. ತನ್ನ ನಾಚಿಕೆಗೆ ಕಂಪನಿಯ ಕೋಟು ತೊಡಿಸಿ ಮುಂದೆ ನಿಲ್ಲಿಸಿದಳು ಅಷ್ಟೆ.

"ಇಡೀ ಬಯಲಲ್ಲಿ ಎಲ್ಲರ ಮನೇಲೂ ಇದೆಯಲ್ಲೇ. ಅವರಿಗೆಲ್ಲ ಕೊಟ್ಟಿಲ್ವಾ?" ಅಂತ ಎಲ್ವಿಯೊ ಕೇಳಿದ.

"ಅವರ ವಿಷಯ ನನಗ್ಗೊತ್ತಿಲ್ಲ. ನಮ್ಗೆ ಹಾಗಂದ್ರು."

ಭಾನುವಾರ ಎಲ್ವಿಯೊ ಲಾರಿ ತಂದ. ಪಿಯೆರಿನಾ ಮೇಜಿನ ಹತ್ತಿರ ಕೂತು ಬೀನ್ಸ್ ಸುಲಿಯುತ್ತಿದ್ದಳು. ಮಿರೆಲ್ಲಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ವಿಮೆಯವರು, ಕಾನೂನು, ಹೊಳೆ, ಚಂಡಮಾರುತ. ತಾಯಿ ಜಗಳ ಮಾಡಿದ್ದರೆ ಚೆನ್ನಾಗಿತ್ತು. ಅವಳ ಬಾಯಿಗೆ ಗಿದೊ ಕೂಡ ಹೆದರುತ್ತಿದ್ದ. ಇವತ್ತು ಅವಳು ಬೀನ್ಸಿನ ಬೋಗುಣಿ ಎತ್ತಿಕೊಂಡು ಎದ್ದಳು.

"ಸರಿ. ಮೊದ್ಲು ಯಾವ್ದು ಎತ್ತಬೇಕು?"

"ಯಾಕೆ ಅಂತ ಕೇಳೋದಿಲ್ವಾ ಅಮ್ಮ?"

"ಮನೆ ನಿಮ್ದಲ್ವೇನೇ ಈಗ. ನಾನ್ಯಾಕೆ ಕೇಳ್ಲಿ?"

ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಮಿರೆಲ್ಲಾ ತಿರುಗಿ ಏನಾದರೂ ಅನ್ನಬಹುದಿತ್ತು. ತಾಯಿ ನಿಜವಾಗಿಯೂ ಹಾಗೆಂದು ನಂಬಿದ್ದಳು. ಕೊಟ್ಟಮೇಲೆ ಕೊಟ್ಟದ್ದು, ಮಾತಾಡುವ ಹಕ್ಕು ಅದರ ಜೊತೆಗೇ ಹೋಯಿತು ಅಂತ.

ಒಲೆ ಹೋಯಿತು. ಮೇಜು ಹೋಯಿತು. ಎಲ್ವಿಯೊ ಕೊಕ್ಕೆಗಳನ್ನು ತೊಲೆಯಿಂದ ಕೀಳುತ್ತಾ, "ಹುಷಾರಮ್ಮ, ತಲೆ ಮೇಲೆ ಬಿದ್ರೆ ಅದಕ್ಕೂ ವಿಮೆ ಇಲ್ಲ," ಅಂತ ತಮಾಷೆ ಮಾಡಿದ. ಯಾರೂ ನಗಲಿಲ್ಲ. ಕೊನೆಗೆ ಗೋಡೆಯ ಕಡೆಗಿದ್ದ ದೊಡ್ಡ ಬೀರುವನ್ನು ಇಬ್ಬರೂ ಸೇರಿ ಸರಿಸಿದಾಗ ಅದರ ಹಿಂದೆ ಒಂದು ಮಂಚ ಕಂಡಿತು. ಕಿರಿದಾದ ಕಬ್ಬಿಣದ ಮಂಚ. ಮೇಲೆ ತೆಳ್ಳಗಿನ ಹಾಸಿಗೆ, ಗಿದೊನ ಹಳೆ ಉಣ್ಣೆಯ ಅಂಗಿಯನ್ನು ಮಡಿಸಿ ಮಾಡಿದ ದಿಂಬು. ಪಕ್ಕದಲ್ಲಿ ಟೊಮ್ಯಾಟೊ ಡಬ್ಬಿಯ ಪೆಟ್ಟಿಗೆ, ಅದರ ಮೇಲೆ ಮಾತ್ರೆಗಳು, ಜಪಮಾಲೆ, ಹಲ್ಲುಸೆಟ್ಟಿನ ಲೋಟ.

"ಇದೇನಿದು?" ಅಂದಳು ಮಿರೆಲ್ಲಾ.

ಪಿಯೆರಿನಾ ಕೇಳಿಸದವಳಂತೆ ತೊಟ್ಟಿಯ ಕಡೆ ಹೋದಳು. ಉತ್ತರ ಕೊಟ್ಟದ್ದು ಎಲ್ವಿಯೊ, ಅದೂ ಪಿಸುಮಾತಿನಲ್ಲಿ.

"ಅಪ್ಪ ಹೋದಾಗಿಂದ ಇಲ್ಲೇ ಮಲಗ್ತಾಳೆ. ಮಂಡಿ ನೋವು, ಮೆಟ್ಲು ಹತ್ತೋಕಾಗಲ್ಲ. ನಿಂಗೊತ್ತಿರಲಿಲ್ವಾ? ವಾರ ವಾರ ಬರ್ತೀಯಲ್ಲ?"

ವಾರ ವಾರ ಬರುತ್ತಿದ್ದದ್ದು ನಿಜ. ಅಂಗಳದಲ್ಲಿ ಕಾರು ನಿಲ್ಲಿಸಿ ಹಾರ್ನ್ ಮಾಡುವಷ್ಟರಲ್ಲಿ ತಾಯಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಗಿನ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಇಬ್ಬರೂ ಚರ್ಚಿಗೆ ಹೋಗುತ್ತಿದ್ದರು, ಪೇಟೆಯಲ್ಲಿ ಕಾಫಿ ಕುಡಿಯುತ್ತಿದ್ದರು, ಮಗಳು ಅಂಗಳಕ್ಕೇ ತಂದು ಬಿಟ್ಟು ಹೋಗುತ್ತಿದ್ದಳು. ಒಳಗೆ ಬಂದು ಕೂತು ಎಷ್ಟು ಕಾಲವಾಗಿತ್ತೋ.

"ನೀನ್ಯಾಕೋ ಹೇಳ್ಲಿಲ್ಲ ನಂಗೆ?"

"ಅಮ್ಮನೇ ಬೇಡ ಅಂದ್ಲು. ಮಿರೆಲ್ಲಾಗೆ ಇಷ್ಟ ಆಗಲ್ಲ, ಬೇಜಾರು ಮಾಡ್ಕೋತಾಳೆ ಅಂದ್ಲು."

ಮಿರೆಲ್ಲಾಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಮಾಮೂಲಿ ಸುಳ್ಳೆಂದು ಹೇಳಿದ್ದು ಎಷ್ಟು ದೊಡ್ಡ ಸುಳ್ಳಾಗಿತ್ತು! ಕೆಳಗೆ ಯಾರೂ ಇಲ್ಲ ಅಂದಿದ್ದಳು. ಇದ್ದವಳು ಹೆತ್ತ ತಾಯಿ. ಅಲ್ಲಿಗೇ ನಿಲ್ಲಿಸಬಹುದಿತ್ತು. ಲಾರಿಯಿಂದ ಎಲ್ಲವನ್ನೂ ಇಳಿಸಿ, ಕಂಪನಿಗೆ ಫೋನ್ ಹಚ್ಚಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. "ಮಂಚಾನೂ ಎತ್ತು," ಅಂದಳು. ಎಂಥ ಮಗಳು ಇವಳು ಅಂತ ನೀವು ಕೇಳುತ್ತೀರಿ. ಅವಳೂ ಕೇಳಿಕೊಂಡಳು. ಆದರೆ ಒಂದು ಸಲ ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡವರು, ಅದನ್ನು ನಿಜ ಮಾಡಿಬಿಟ್ಟರೆ ಸುಳ್ಳು ಹೇಳಿದ ಹಾಗಾಗುವುದಿಲ್ಲ ಅಂತ ನಂಬಿಕೊಳ್ಳುತ್ತಾರಲ್ಲ, ಅವಳಿಗೂ ಹಾಗೇ ಆಯಿತು.

ಲಾರಿ ತುಂಬಿತು. ಪಿಯೆರಿನಾ ಬರಿದಾದ ಸಿಮೆಂಟು ನೆಲಕ್ಕೆ ಸೋಪು ನೀರು ಹಾಕಿ ತಿಕ್ಕಿದಳು. ಗೋಡೆಯ ಹೊಗೆಯ ಕಲೆಯನ್ನೂ ಬಿಡಲಿಲ್ಲ. "ಬಿಡಮ್ಮ, ಸಾಕು," ಅಂದರೆ, "ನೋಡೋಕೆ ಬರೋರು ನೋಡ್ಬಿಟ್ರೆ?" ಅಂದಳು. ಆಮೇಲೆ ಎಲ್ವಿಯೊ ಅವಳ ಕಂಕುಳಿಗೆ ಕೈಕೊಟ್ಟು ಮೇಲೆ ಹತ್ತಿಸಿದ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಂಡು ಹತ್ತಿದಳು. ಮೇಲೆ ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲ್ಲಿ ಕೂರಬೇಕು ಅನ್ನುವಂತೆ ಮಕ್ಕಳಿಬ್ಬರ ಮುಖ ನೋಡಿದಳು.

ವಿಮೆಯ ಕಡೆಯವನು ಬಂದದ್ದು ಮಂಗಳವಾರ ಬೆಳಿಗ್ಗೆ. ಕಟಾವಿನ ಕಾಲ, ಎಲ್ವಿಯೊಗೆ ಯಂತ್ರ ಬಿಟ್ಟು ಬರುವಂತಿರಲಿಲ್ಲ. ಬಂದವನ ಹೆಸರು ರಸ್ಸೆಲ್. ಟೌನ್ಸ್‌ವಿಲ್ಲಿನಿಂದ ಕಾರಿನಲ್ಲಿ ಬಂದಿದ್ದ, ಐವತ್ತರ ಆಸುಪಾಸಿನವನು, ಬೆವರುವ ಕತ್ತು, ಸಭ್ಯ ಮಾತು. ಮೆಟ್ಟಿಲ ಬುಡದಲ್ಲೇ ಬೂಟು ಬಿಚ್ಚಿಟ್ಟ. ಕೆಳಗಿನ ಖಾಲಿ ಜಾಗದ ಕಡೆ ಒಂದು ಸಲ ಕಣ್ಣಾಡಿಸಿ, "ಚೊಕ್ಕಟವಾಗಿ ಇಟ್ಕೊಂಡಿದೀರಿ," ಅಂದ. ಮಿರೆಲ್ಲಾಗೆ ಆ ಹೊಗಳಿಕೆ ಚುಚ್ಚಿತು.

ಮೇಲೆ ಪಿಯೆರಿನಾ ಸೋಫಾದ ತುದಿಯಲ್ಲಿ ಕೂತಿದ್ದಳು. ಚರ್ಚಿಗೆ ಹಾಕುವ ಕಪ್ಪು ಅಂಗಿ, ಕಪ್ಪು ಬೂಟು, ತೊಡೆಯ ಮೇಲೆ ಕೈಚೀಲ. ಸೋಫಾದ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಅವಳು ಅಲ್ಲಾಡಿದಾಗಲೆಲ್ಲ ಅದು ಕರಕರ ಅನ್ನುತ್ತಿತ್ತು. ಬಸ್ಸಿಗೆ ಕಾಯುವವಳ ಹಾಗಿದ್ದಳು.

ರಸ್ಸೆಲ್ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ಅದು ಕೆಮ್ಮಿ, ಉಗುಳಿ, ಕೊನೆಗೆ ಕಂದು ನೀರು ಬಿಟ್ಟಿತು. ಓವನ್ನಿನ ಬಾಗಿಲು ತೆಗೆದ. ಒಳಗೆ ಅಂಗಡಿಯವರು ಇಟ್ಟ ರಟ್ಟು ಹಾಗೇ ಇತ್ತು. ಒಲೆಯ ಹಿಂದೆ ಬಗ್ಗಿ ನೋಡಿ, "ಇದಕ್ಕೆ ಗ್ಯಾಸಿನ ಕೊಳವೆನೇ ಕೂಡಿಸಿಲ್ವಲ್ಲ?" ಅಂದ. ಮಿರೆಲ್ಲಾ ತಾನೂ ಬಗ್ಗಿ ನೋಡಿದಳು. ಹುಟ್ಟಿ ಬೆಳೆದ ಮನೆ. ಮೇಲಿನ ಒಲೆ ಉರಿಯುವುದೇ ಇಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಹಚ್ಚಲು ಯಾರು ಯಾವತ್ತು ಹೋಗಿದ್ದರು? ಈ ಎರಡು ದಿನದ ಊಟವನ್ನೂ ಅವಳು ಟೌನಿನಿಂದಲೇ ಮಾಡಿ ತಂದಿದ್ದಳು. ಅವನು ಮಲಗುವ ಕೋಣೆಗೂ ಹೋದ. ಪಿಯೆರಿನಾ ಎರಡು ರಾತ್ರಿ ಮಲಗಿದ್ದ ಹಾಸಿಗೆಯ ಮೇಲೆ ಮದುವೆಯ ಕಸೂತಿ ಹೊದಿಕೆಯನ್ನು ಒಂದು ಸುಕ್ಕೂ ಇಲ್ಲದಂತೆ ಎಳೆದು ಹಾಸಿದ್ದಳು. ಯಾವ ಮೊಳೆಗೂ ಒಂದು ಟವೆಲಿಲ್ಲ, ಕಿಟಕಿಯಲ್ಲಿ ಒಂದು ಕನ್ನಡಕವಿಲ್ಲ.

"ಇಲ್ಲಿ ಯಾರಿರ್ತಾರೆ ಮೇಡಂ?" ಅಂತ ಹೊರಗೆ ಬಂದು ಕೇಳಿದ.

"ನಮ್ಮ ತಾಯಿ."

"ಇಲ್ಲೇನಾ?" ಅಂದ ಅವನು. ಅಪನಂಬಿಕೆಯನ್ನು ಮುಚ್ಚಿಟ್ಟುಕೊಳ್ಳಲು ಅವನಿಗೆ ಬರುತ್ತಿರಲಿಲ್ಲ.

ಪಿಯೆರಿನಾ ಅವನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಮಾತ್ರ ತಡವರಿಸುತ್ತಿದ್ದಳು. ಮಗಳು ಸಿಕ್ಕಿಬೀಳುತ್ತಿದ್ದಾಳೆ, ತಾನೇನಾದರೂ ಮಾಡಬೇಕು ಅಂತ ಅವಳಿಗೆ ಹೊಳೆದಿರಬೇಕು.

"ನಾನು ಇಲ್ಲಿ ಇಲ್ಲ, ಸರ್," ಅಂದಳು. "ಟೌನಲ್ಲಿ, ಮಗಳ ಮನೆ. ಇಲ್ಲಿ ಧೂಳು ಹೊಡೆಯೋಕೆ ಬರ್ತೀನಿ. ಮನೆ ಮಕ್ಕಳದು. ನಾನು ನೆಂಟಳು."

ಹೇಳಿ, ಸರಿಯಾಗಿ ಹೇಳಿದೆನಾ ಅಂತ ಮಗಳ ಕಡೆ ನೋಡಿ ಸ್ವಲ್ಪ ನಕ್ಕಳು.

ರಸ್ಸೆಲ್ ತಲೆಯಾಡಿಸಿದ. "ನಾನೂ ಹಾಗೇ ಅಂದ್ಕೊಂಡೆ. ಹಾಗಾದ್ರೆ ಕಷ್ಟ ಮೇಡಂ. ಖಾಲಿ ಮನೆಗೆ ನಮ್ಮೋರು ವಿಮೆ ಕೊಡಲ್ಲ. ಬಿರುಗಾಳಿ ಎದ್ರೆ ಕಿಟಕಿ ಹಾಕೋರು ಬೇಕಲ್ಲ ಯಾರಾದ್ರೂ? ಚೆನ್ನಾಗಿದೆ ಮನೆ, ಪಾಪ. ಆದ್ರೆ ಇಲ್ಲಿ ಯಾರೂ ಬದುಕ್ತಿಲ್ಲ."

ಇಷ್ಟೆಲ್ಲ ತಿಕ್ಕಿ ತೊಳೆದು ಮಾಡಿದ್ದಕ್ಕೆ ಸಿಕ್ಕ ಫಲ ನೋಡಿ! ಸುಳ್ಳು ಎಷ್ಟು ಅಚ್ಚುಕಟ್ಟಾಗಿ ಕೂತಿತ್ತೆಂದರೆ ಮನೆಯೊಳಗೆ ಮನುಷ್ಯರೇ ಉಳಿದಿರಲಿಲ್ಲ. ಮಿರೆಲ್ಲಾಗೆ ಪಕ್ಕದ ಹೊಲದವನ ಟ್ರ್ಯಾಕ್ಟರು ಅಂಗಳದಲ್ಲೇ ನಿಂತಹಾಗೆ ಕಂಡಿತು. ಈಗ ಬಾಯಿ ಬಿಡದಿದ್ದರೆ ಮನೆ ಹೋಗುತ್ತದೆ, ಮನೆಯ ಹಿಂದೆಯೇ ತಾಯಿ ಹೋಗುತ್ತಾಳೆ.

"ಅವರು ಇಲ್ಲೇ ಇರೋದು," ಅಂದಳು. "ಮೇಲಲ್ಲ. ಕೆಳಗೆ. ಬನ್ನಿ, ತೋರಿಸ್ತೀನಿ."

ತೋರಿಸಲು ಏನಿತ್ತು? ಕೆಳಗೆ ಒಗೆದ ಬಟ್ಟೆಯಂತೆ ಬಿಳುಚಿಕೊಂಡ ಸಿಮೆಂಟು ನೆಲ. ಮಿರೆಲ್ಲಾ ಗಾಳಿಯಲ್ಲಿ ಕೈ ಆಡಿಸಿದಳು. "ಇಲ್ಲಿ ಒಲೆ ಇತ್ತು. ಇಲ್ಲಿ ಮೇಜು. ಅಲ್ಲಿ, ಆ ಮೂಲೇಲಿ ಅವರ ಮಂಚ." ರಸ್ಸೆಲ್ ಅವಳು ತೋರಿಸಿದ ಕಡೆಯೆಲ್ಲ ನೋಡಿದ. ಆಮೇಲೆ ಅವಳನ್ನೇ ನೋಡಿದ. ವಿಮೆಗೋಸ್ಕರ ಈ ಹೆಂಗಸು ಬಾಯಿಗೆ ಬಂದದ್ದು ಹೇಳುತ್ತಿದ್ದಾಳೆ ಅಂತ ಅವನ ಮುಖದಲ್ಲಿ ಬರೆದಿತ್ತು.

"ಫೋನಲ್ಲಿ ಕೆಳಗೆ ಯಾರೂ ಇಲ್ಲ ಅಂದಿದ್ರಂತಲ್ಲ ಮೇಡಂ?"

ಅವಳು ಉತ್ತರಿಸುವ ಮೊದಲೇ ಮೇಲಿನಿಂದ ದನಿ ಬಂತು. ಪಿಯೆರಿನಾ ಎದ್ದು ಬಂದು ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತಿದ್ದಳು.

"ಕೆಳಗೆ ಅಡುಗೆಮನೆ ಇಲ್ಲ, ಸರ್," ಅಂದಳು. ಈ ಸಲ ಅವಳ ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ. "ನಾವು ಮೇಲೆ ಊಟ ಮಾಡುತ್ತೇವೆ, ಎಲ್ಲರ ಹಾಗೆ."

ಮಿರೆಲ್ಲಾ ನಿಂತಲ್ಲೇ ನಿಂತಳು. ಆ ವಾಕ್ಯ ಅವಳದೇ.

ಆಗ ಅವಳು ಮೂರನೆಯ ಕ್ಲಾಸಿನಲ್ಲಿದ್ದಳು. ಬ್ಯಾಂಕಿನ ಮ್ಯಾನೇಜರನ ಮಗಳು ಹೆದರ್ ಇವಳ ಹುಟ್ಟುಹಬ್ಬಕ್ಕೆ ತಾಯಿಯ ಜೊತೆ ಬರುವುದಾಗಿ ಹೇಳಿದ್ದಳು. ಇಡೀ ವಾರ ಇವಳಿಗೆ ಅನ್ನ ಸೇರಲಿಲ್ಲ. ಈ ಹೊಗೆ, ಈ ಬೆಳ್ಳುಳ್ಳಿ, ಈ ಕೊಕ್ಕೆಗಳನ್ನು ಹೆದರ್ ನೋಡಿಬಿಟ್ಟರೆ? ಕಣಕ ನಾದುತ್ತಿದ್ದ ತಾಯಿಯ ಏಪ್ರನ್ನಿಗೆ ಜೋತುಬಿದ್ದು, "ಹೀಗನ್ನು ಅಮ್ಮ, ಹಾಗಲ್ಲ, ಹೀಗೆ," ಅಂತ ಪದ ಪದವಾಗಿ ಬಾಯಿಪಾಠ ಮಾಡಿಸಿದ್ದಳು. ಪಿಯೆರಿನಾ ಹಿಟ್ಟಿನ ಕೈಯಲ್ಲೇ, ನಾಲಿಗೆ ತೊಡರಿಸಿಕೊಂಡು, ಮಗಳ ಬಾಯನ್ನೇ ನೋಡುತ್ತಾ ಕಲಿತಳು. ಹುಟ್ಟುಹಬ್ಬದ ದಿನ ಆ ಹುಡುಗಿಯ ತಾಯಿ ಏನೂ ಕೇಳದಿದ್ದರೂ ಪಿಯೆರಿನಾ ಅದನ್ನು ಒಪ್ಪಿಸಿಬಿಟ್ಟಳು. ಆಯಮ್ಮ ಕೇಕು ತಿನ್ನುತ್ತಾ ನಸುನಕ್ಕಿದ್ದಳು. ಆವತ್ತು ಮಿರೆಲ್ಲಾಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು.

ತಾಯಿ ಅದನ್ನು ಮರೆತೇ ಇರಲಿಲ್ಲ. ಇಷ್ಟು ವರ್ಷ ಮನೆಗೆ ಬಂದ ನರ್ಸಿಗೆ, ಪಾದ್ರಿಗೆ, ಶಾಲೆಯ ಮೇಷ್ಟರಿಗೆ, ಯಾರ್ಯಾರಿಗೆ ಒಪ್ಪಿಸಿದ್ದಳೋ. ಮಗಳ ಮರ್ಯಾದೆಯನ್ನು ಕಾಯುವುದು ಅಂದರೆ ಇದು ಅಂತ ತಿಳಿದುಕೊಂಡು, ಆ ಮರ್ಯಾದೆಗೆ ಕುಂದು ತಾನೇ ಅನ್ನುವುದನ್ನೂ ತಿಳಿದುಕೊಂಡು.

"ಅದು ಸುಳ್ಳು," ಅಂದಳು ಮಿರೆಲ್ಲಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅವರಿಗೆ ಅದನ್ನ ಹೇಳ್ಕೊಟ್ಟಿದ್ದು ನಾನು. ಚಿಕ್ಕೋಳಿದ್ದಾಗ. ಫೋನಲ್ಲಿ ಸುಳ್ಳು ಹೇಳಿದ್ದೂ ನಾನು. ಮೊನ್ನೆ ಎಲ್ಲಾ ಕಿತ್ತು ತಮ್ಮನ ಶೆಡ್ಡಿಗೆ ಸಾಗಿಸಿದ್ದೂ ನಾನೇ."

"ಯಾಕೆ?"

"ನಾಚಿಕೆ. ನಮ್ಮ ತಾಯಿ ಕೆಳಗೆ ಬದುಕ್ತಾರೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ನಂಗೆ. ಈಗ ನಿಮ್ಮೆದುರು ನಿಂತು ಇದನ್ನ ಹೇಳೋಕೂ ನಾಚಿಕೆನೇ."

ರಸ್ಸೆಲ್ ಕತ್ತಿನ ಬೆವರು ಒರೆಸಿಕೊಂಡ. ಪಾಪ, ಚಾವಣಿ ನೋಡಿಕೊಂಡು ಹೋಗಲು ಬಂದವನು. "ನೋಡಿ ಮೇಡಂ," ಅಂದ, "ಕೌನ್ಸಿಲ್ ಕಾನೂನು ನನ್ನ ಕೆಲಸ ಅಲ್ಲ. ನನಗೆ ಒಂದೇ ವಿಷಯ ಗೊತ್ತಾಗ್ಬೇಕು. ಇಲ್ಲಿ ಮನುಷ್ಯರು ಇದಾರೋ ಇಲ್ವೋ. ಇದಾರೆ ಅಂದ್ರೆ ಮೇಲಿನ ಮನೆಗೆ ವಿಮೆ ಆಗತ್ತೆ, ಅದಕ್ಕೆ ನಾನು ಗ್ಯಾರಂಟಿ. ಕೆಳಗಡೆ ಇರೋದಕ್ಕೆ ಒಂದು ಚಮಚಕ್ಕೂ ಆಗಲ್ಲ. ಹೊಳೆ ಬಂದ್ರೆ ಹೊಳೆಗೆ. ಆದ್ರೆ ನೀವೊಂದು ಹೇಳ್ತೀರಿ, ಅವರೊಂದು ಹೇಳ್ತಾರೆ. ನಾನು ಅವರ ಬಾಯಿಂದಲೇ ಕೇಳ್ಬೇಕು."

ಅವನು ಮೆಟ್ಟಿಲ ಬುಡಕ್ಕೆ ಹೋಗಿ ಕತ್ತೆತ್ತಿದ. "ಮಿಸೆಸ್ ಬೆರ್ಗಾಮಿನ್, ದಿನಾ ರಾತ್ರಿ ನೀವು ಎಲ್ಲಿ ಮಲಗ್ತೀರಿ?"

ಪಿಯೆರಿನಾ ಅವನ ಕಡೆ ನೋಡಲೇ ಇಲ್ಲ. ಮಗಳನ್ನು ನೋಡಿ ತಮ್ಮ ಮನೆಮಾತಿನಲ್ಲಿ ಕೇಳಿದಳು.

"ಹೇಳ್ಲಾ?"

ಅರವತ್ತು ವರ್ಷ ಆ ಮನೆಯನ್ನು ಆಳಿದವಳು, ತಾನು ಎಲ್ಲಿ ಮಲಗುತ್ತೇನೆಂದು ಹೇಳಲು ಅಪ್ಪಣೆ ಕೇಳುತ್ತಿದ್ದಳು.

"ಹೇಳಮ್ಮ. ಇದ್ದದ್ದು ಇದ್ದ ಹಾಗೆ ಹೇಳು."

"ಕೆಳಗೆ ಅಂತಾನಾ?"

"ಹೂಂ."

"ನಿಂಗೇನೂ ಆಗಲ್ವಾ?"

"ಏನೂ ಆಗಲ್ಲಮ್ಮ."

ಪಿಯೆರಿನಾ ಯೋಚಿಸಿದಳು. ಆಮೇಲೆ, "ಇಂಗ್ಲಿಷಲ್ಲಿ ಹೇಗನ್ಬೇಕು? ನೀನೇ ಹೇಳ್ಕೊಡು. ಏನೋ ಹೋಗಿ ಏನೋ ಅಂದು ನಿನ್ ಮಾನ ಕಳೆಯೋದು ಬೇಡ," ಅಂದಳು.

ಮಿರೆಲ್ಲಾ ಮೆಟ್ಟಿಲು ಹತ್ತಿದಳು. ತಾಯಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಒಂದೊಂದೇ ಪದ ಹೇಳಿದಳು. ಪಿಯೆರಿನಾ ಅವಳ ತುಟಿಗಳನ್ನೇ ನೋಡುತ್ತಾ ಹಿಂದೆಯೇ ಹೇಳಿಕೊಂಡಳು. ನಾನು ಕೆಳಗೆ ಮಲಗುತ್ತೇನೆ. ನಾನು ಕೆಳಗೆ ಅಡುಗೆ ಮಾಡುತ್ತೇನೆ. ಇದು ನನ್ನ ಮನೆ.

"ಅದು ಬೇಡ," ಅಂದಳು ಪಿಯೆರಿನಾ. "ಕೊನೇದು. ಮನೆ ನಿಮ್ದು."

"ಹೇಳಮ್ಮ, ನಿನ್ ಕಾಲಿಗೆ ಬೀಳ್ತೀನಿ."

ಪಿಯೆರಿನಾ ಕೈಚೀಲವನ್ನು ಸರಿಮಾಡಿಕೊಂಡು, ಕಂಬಿ ಹಿಡಿದು, ರಸ್ಸೆಲ್ಲನ ಕಡೆ ತಿರುಗಿ ಮೂರು ವಾಕ್ಯಗಳನ್ನೂ ಒಪ್ಪಿಸಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ರಸ್ಸೆಲ್, "ಥ್ಯಾಂಕ್ಸ್, ಇಷ್ಟು ಸಾಕು, ವಿಮೆ ಆಗತ್ತೆ," ಅಂದು ಬೂಟಿಗೆ ಕೈ ಹಾಕಿದ.

"ಇನ್ನೊಂದು, ಸರ್," ಅಂತ ಪಿಯೆರಿನಾ ಅವನನ್ನು ತಡೆದಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪದಗಳನ್ನು ತಾನೇ ಹುಡುಕಿ ಹುಡುಕಿ ಜೋಡಿಸಿದಳು. "ನನ್ನ ಮಗಳು... ಒಳ್ಳೆಯವಳು. ತಪ್ಪು ನನ್ನದು. ನಾನು ಹೇಳಲಿಲ್ಲ, ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಬೈಯಬೇಡಿ."

ರಸ್ಸೆಲ್ ಬೈಯುವುದಿಲ್ಲ ಅಂದ. ಮಿರೆಲ್ಲಾ ಕಂಬಿ ಹಿಡಿದುಕೊಂಡು ಮೆಟ್ಟಿಲನ್ನೇ ನೋಡುತ್ತಾ ನಿಂತಿದ್ದಳು. ಅವನ ಕಾರು ಅಂಗಳ ದಾಟಿ ಹೋದಮೇಲೂ ಅವಳಿಗೆ ತಾಯಿಯ ಮುಖ ನೋಡಲು ಆಗಲಿಲ್ಲ.